ಹಿಟ್ಟಿಲ್ಲದ ಬನ್ನು

ಮೊದಲು ಹೊಟ್ಟೆ ಉಬ್ಬಿತು.

ಮಗಳು ಪದ್ಮನಿಗೆ ಆಗ ಮೂರು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಹಗಲೆಲ್ಲ ಭೇದಿ. ಅದರ ವಾಸನೆ ತಡೆಯಲಾಗುತ್ತಿರಲಿಲ್ಲ, ನೀರು ಹಾಕಿದರೆ ಎಣ್ಣೆಯಂತೆ ತೇಲುತ್ತಿತ್ತು. ಬೇರೆ ತಾಯಿಯಾಗಿದ್ದರೆ ಜಂತುಹುಳ ಇರಬೇಕು ಎಂದುಕೊಂಡು ಔಷಧಿ ಕುಡಿಸಿ ಸುಮ್ಮನಾಗುತ್ತಿದ್ದಳೇನೋ. ನನಗೆ ಸುಮ್ಮನಿರಲು ಆಗಲಿಲ್ಲ.

ಆ ಹೊಟ್ಟೆಯನ್ನು ನಾನು ಮೊದಲೇ ನೋಡಿದ್ದೆ.

ಪದ್ಮನಿಗಿಂತ ಮುಂಚೆ ನಮಗೊಬ್ಬ ಮಗನಿದ್ದ. ವೆಂಕಟೇಶ. ಅವನಿಗೂ ಹೀಗೇ ಹೊಟ್ಟೆ ಉಬ್ಬಿತು, ಹೀಗೇ ಭೇದಿಯಾಯಿತು. ನಾಲ್ಕು ತುಂಬುವ ಮೊದಲೇ ಹೋಗಿಬಿಟ್ಟ. ಒಬ್ಬರು ಲಿವರ್ ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ನಮ್ಮತ್ತೆ ರಾಯಲ್ಪಾಡಿನವರು, ತೆಲುಗು ಬೆರೆಸಿ ಮಾತಾಡುವವರು, ಆಂಧ್ರದ ಗಡಿಯಾಚೆ ಯಾರೋ ಬೇರು ಕೊಡುತ್ತಾರೆಂದು ಹೋಗಿ ತಂದು ಅರೆದು ಕುಡಿಸಿದರು. ಯಾವುದೂ ನಾಟಲಿಲ್ಲ. ಕೊನೆಯ ದಿನಗಳಲ್ಲಿ ಅವನು ಕೇಳಿ ತಿನ್ನುತ್ತಿದ್ದದ್ದು ಒಂದೇ, ಹಾಲಿನಲ್ಲಿ ಅದ್ದಿದ ಬನ್ನು.

ನಾವಿರುವುದು ಗೌನಿಪಲ್ಲಿಯಲ್ಲಿ. ನನ್ನ ಗಂಡ ಲೈನ್‌ಮನ್. ಶ್ರೀನಿವಾಸಪುರಕ್ಕೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ಬನ್ನು ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮ ಕಡೆ ಬನ್ನು ಅಂದರೆ ಕಾಯಿಲೆಯವರ ಊಟ. ಜ್ವರ ಬಂದರೆ ಬನ್ನು, ಬಾಣಂತಿ ಮನೆಗೆ ಬನ್ನು, ಆಸ್ಪತ್ರೆಗೆ ನೋಡಲು ಹೋದರೆ ಬನ್ನು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ವೆಂಕಟೇಶ ಮಲಗಿದಾಗ ಊರೆಲ್ಲ ಬನ್ನು ತಂದುಕೊಟ್ಟಿತು. ಅವನು ಹೋದಮೇಲೂ ಅದು ನಿಲ್ಲಲಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವಾಗ ಅವರವರು ಇಷ್ಟಪಡುತ್ತಿದ್ದದ್ದನ್ನೇ ಇಡಬೇಕಲ್ಲ. ಮಾವನವರಿಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ಪಕ್ಕದ ಚಿಕ್ಕ ಎಲೆಯಲ್ಲಿ ವೆಂಕಟೇಶನಿಗೆ ಒಂದು ಲೋಟ ಹಾಲು, ಒಂದು ಬನ್ನು. ಪ್ರತಿ ವರ್ಷ ಅತ್ತೆಯೇ ಕೈಯಾರೆ ಇಡುತ್ತಿದ್ದರು.

ಪದ್ಮನನ್ನು ಕೋಲಾರಕ್ಕೆ ಕರೆದುಕೊಂಡು ಹೋದೆವು. ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರು. ದೊಡ್ಡ ಆಸ್ಪತ್ರೆ. ರಕ್ತ, ಮಲ, ಎಕ್ಸ್‌ರೇ. ಆಮೇಲೆ ದಾರದಂಥ ಸಣ್ಣ ಟ್ಯೂಬಿನ ತುದಿಗೆ ಒಂದು ಕ್ಯಾಪ್ಸೂಲ್ ಕಟ್ಟಿ ನುಂಗಿಸಿದರು. ಕರುಳಿನ ಒಂದು ಚೂರು ತೆಗೆಯುವುದಕ್ಕಂತೆ. ಬಯಾಪ್ಸಿ ಅಂದರು. ಮಗು ಓಕರಿಸುತ್ತಿತ್ತು, ನಾನು ಅದರ ಎರಡು ಕೈಗಳನ್ನೂ ಹಿಡಿದುಕೊಂಡಿದ್ದೆ. ನನ್ನನ್ನು ಅದು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಉತ್ತರ ಭಾರತದ ಕಡೆ ಓದಿ ಬಂದವರಂತೆ.

“ಸೀಲಿಯಾಕ್ ಅಂತ ಕರೀತಾರಮ್ಮ. ಗೋಧಿ ಈ ಮಗುವಿಗೆ ಆಗೋದಿಲ್ಲ. ತಿಂದರೆ ಕರುಳಿನ ಒಳಪದರ ಸವೆದುಹೋಗುತ್ತೆ. ಏನು ತಿಂದ್ರೂ ಮೈಗೆ ಹತ್ತೋದಿಲ್ಲ. ನಮ್ಮ ಕಡೆ ಅಪರೂಪ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ.”

“ಗೋಧಿ ನಾವೆಲ್ಲಿ ತಿಂತೀವಿ ಸಾರ್? ಮುದ್ದೆ ತಿನ್ನೋ ಜನ ನಾವು.”

“ಬ್ರೆಡ್ಡು, ಬಿಸ್ಕತ್ತು, ಬನ್ನು ಕೊಡ್ತೀರಾ?”

ನನ್ನ ಗಂಡ ನನ್ನ ಮುಖ ನೋಡಿದರು.

“ಬನ್ನು ಮೈದಾದ್ದು. ಮೈದಾ ಅಂದ್ರೆ ಗೋಧಿನೇ.” ಆಮೇಲೆ ಕೇಳಿದರು, “ಬೇರೆ ಮಕ್ಕಳಿದ್ದಾರಾ?”

ಇದ್ದ ಎಂದೆ. ಹೇಗಿದ್ದ ಎಂದು ಕೇಳಿದರು. ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು.

“ಈಗ ಖಚಿತವಾಗಿ ಹೇಳೋಕಾಗಲ್ಲಮ್ಮ. ಇರಬಹುದು.”

ಇರಬಹುದು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪದ್ಮ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಕೋಲಾರ ದಾಟಿದ ಮೇಲೆ ನನ್ನ ಗಂಡ, “ನಾನೇ ತಂದುಕೊಡ್ತಿದ್ದೆ ಕಣೇ, ಸೈಕಲ್ ಹ್ಯಾಂಡಲ್‌ಗೆ ನೇತಾಕಿಕೊಂಡು,” ಅಂದರು. ತಂದವರು ಅವರು, ಹಾಲಿನಲ್ಲಿ ಅದ್ದಿ ತಿನ್ನಿಸಿದವಳು ನಾನು. ಪ್ರೀತಿಯಿಂದ ಕೊಟ್ಟದ್ದು ಅಷ್ಟು ಚಿಕ್ಕ ಹೊಟ್ಟೆಯೊಳಗೆ ಏನು ಮಾಡುತ್ತದೆ ಎಂದು ಯಾರು ಕಂಡಿದ್ದರು? ನಾವು ತಪ್ಪು ಮಾಡಿದೆವು ಅನ್ನಲು ನನಗೆ ಬಾಯಿ ಬರುವುದಿಲ್ಲ, ಮಾಡಲಿಲ್ಲ ಅನ್ನಲೂ ಬರುವುದಿಲ್ಲ. ಆ ದಿನ ಅವರ ಕೈ ಹಿಡಿದುಕೊಂಡು ಕೂತಿದ್ದೆ, ಅಷ್ಟೇ.

ಗೋಧಿ ಬಿಡಿಸಿದೆವು. ಪದ್ಮ ಸ್ವಲ್ಪ ಚೇತರಿಸಿಕೊಂಡಳು. ನಾನು ತಿರುಪತಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತೆ. ಅಷ್ಟರಲ್ಲಿ ಮತ್ತೆ ಭೇದಿ ಶುರುವಾಯಿತು.

ಈ ಸಲ ಡಾಕ್ಟರಿಗೂ ಅರ್ಥವಾಗಲಿಲ್ಲ. “ಗೋಧಿ ಎಲ್ಲಿಂದಲೋ ಹೊಟ್ಟೆಗೆ ಹೋಗ್ತಾ ಇದೆ. ಕೆಲವು ತಿಂಗಳು ಯಾವ ಧಾನ್ಯಾನೂ ಬೇಡ. ಅಕ್ಕಿ ಬೇಡ, ರಾಗೀನೂ ಬೇಡ. ಬಾಳೆಹಣ್ಣು, ಹಾಲು, ಮೊಟ್ಟೆ, ಗೆಡ್ಡೆಗೆಣಸು ಕೊಡಿ. ಕರುಳು ಸುಧಾರಿಸಲಿ, ಆಮೇಲೆ ಒಂದೊಂದೇ ಶುರು ಮಾಡೋಣ.”

ಅತ್ತೆ ಕೇಳಿ ಎದೆಯ ಮೇಲೆ ಕೈ ಇಟ್ಟುಕೊಂಡರು. “ರಾಗೀನೂ ಬೇಡವಂತಾ? ಅಯ್ಯೋ ತಲ್ಲೀ! ಹಿಟ್ಟು ತಿನ್ನದೆ ಬಿಡ್ಡ ಹೆಂಗಮ್ಮಾ ಬದುಕ್ತದೆ?”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಎರಡೂ ಇದ್ದವು. ಮಗುವನ್ನು ನೋಡಲು ಬಂದವರು ಬನ್ನು ತರುತ್ತಿದ್ದರು. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. “ಕಾಯಿಲೆ ಮಗೀಗೆ ಬನ್ನೂ ಕೊಡಲ್ಲ ಅಂದ್ರೆ ಎಂಥಾ ತಾಯಿ!” ಎಂದು ಹಿತ್ತಲಿನಾಚೆ ಆಡಿದ್ದು ನನ್ನ ಕಿವಿಗೂ ಬಿತ್ತು. ಬೀಳಲಿ ಎಂದೇ ಆಡಿದ್ದು. ಪದ್ಮನಿಗೆ ಅದೆಲ್ಲ ಗೊತ್ತಾಗುತ್ತಿರಲಿಲ್ಲ. ಪೊಟ್ಟಣ ಕಂಡರೆ ಕೈ ಚಾಚುತ್ತಿದ್ದಳು, ನಾನು ಎತ್ತಿಟ್ಟರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅವಳು ಹಟ ಮಾಡಿ ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳಲು ಅವಳಲ್ಲಿ ಶಕ್ತಿ ಇರಲಿಲ್ಲ.

ಬನ್ನು ಬೇಕು ತಾನೆ, ಮಾಡೇಬಿಡೋಣ ಎಂದು ಹೊರಟೆ.

ಯಾರನ್ನು ಕೇಳುವುದು? ಬೇಕರಿಯವನನ್ನು ಕೇಳಿದರೆ, ಮೈದಾ ಇಲ್ಲದೆ ಬನ್ನಾ, ಎಂದು ನಕ್ಕ. ಮನೆಯಲ್ಲಿ ಇದ್ದದ್ದು ನಮ್ಮ ಹೊಲದ ಕಡಲೆಕಾಯಿ. ಹುರಿದು, ಸಿಪ್ಪೆ ಕೇರಿ, ಒರಳಿಗೆ ಹಾಕಿ ಜೋರಾಗಿ ಕುಟ್ಟಿದೆ. ಎಣ್ಣೆ ಬಿಟ್ಟುಕೊಂಡು ಚಟ್ನಿಯಾಯಿತು. ಮುಂದಿನ ಸಲ ಸ್ವಲ್ಪ ಸ್ವಲ್ಪವೇ ಹಾಕಿ, ಕೈ ತಡೆದು ಕುಟ್ಟಿ ಜರಡಿ ಹಿಡಿದೆ. ಬರೀ ಕಡಲೆಕಾಯಿ ಪುಡಿ ಹಿಡಿದುಕೊಳ್ಳುವುದಿಲ್ಲ ಎಂದು ಗೆಡ್ಡೆಯಿಂದ ಮಾಡುವ ಸಬ್ಬಕ್ಕಿಯನ್ನು ಬೀಸಿ ಸೇರಿಸಿದೆ. ಬೇಯಿಸಿದ ಗೆಣಸು ಹಿಸುಕಿ ಹಾಕಿದೆ. ಒಲೆಯ ಮೇಲೆ ದಬರಿ, ಒಳಗೆ ಮರಳು, ಮರಳಿನ ಮೇಲೆ ಬೆಣ್ಣೆ ಸವರಿದ ಬಟ್ಟಲು, ಮೇಲೆ ತಟ್ಟೆ ಮುಚ್ಚಿ ಅದರ ಮೇಲೆ ಕೆಂಡ. ತೆಗೆದು ನೋಡಿದರೆ ಗುಂಡುಕಲ್ಲು.

ಅತ್ತೆ ಕೈಯಲ್ಲಿ ತೂಗಿ ನೋಡಿ, “ಮಾವಿನ ತೋಟಕ್ಕೆ ಕೋತಿ ಬಂದ್ರೆ ಹೊಡಿಯಕ್ಕೆ ಎತ್ತಿಡಮ್ಮಾ,” ಅಂದರು.

ಆ ಮನೆಯಲ್ಲಿ ಎಷ್ಟೋ ಕಾಲದ ಮೇಲೆ ನಾನು ನಕ್ಕದ್ದು ಅವತ್ತೇ. ಆದರೆ ದಾರಿ ತೋರಿಸಿದವರೂ ಅವರೇ. ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ, ಸಣ್ಣ ಬಿಂದಿಗೆಗೆ ಹಾಕಿ, ಮಜ್ಜಿಗೆ ಕಡೆಯುವ ಕಡೆಗೋಲಿನಿಂದ ಕಡೆಯಲು ಕೂತರು. ಬೆಣ್ಣೆ ಬಂದಂತೆ ನೊರೆ ಎದ್ದು ಬಿಂದಿಗೆಯ ಬಾಯಿಗೆ ಬಂತು. ಅದನ್ನು ಹಿಟ್ಟಿಗೆ ಮೆಲ್ಲಗೆ ಬೆರೆಸಿ, ಚಿಟಿಕೆ ಸೋಡ ಹಾಕಿ, ಮೇಲೆ ಹಾಲು ಸವರಿ ಬೇಯಿಸಿದೆ. ಕೆಂಡದ ತಟ್ಟೆ ತೆಗೆದಾಗ ಬಟ್ಟಲಿನಿಂದ ಮೇಲೆದ್ದು ಕೆಂಪಗಾಗಿ ನಿಂತಿತ್ತು. ಒಂದು ಪಕ್ಕ ವಾಲಿತ್ತು. ಬೇಕರಿಯದಲ್ಲ ಎಂದು ಕುರುಡನಿಗೂ ಗೊತ್ತಾಗುವಂತಿತ್ತು.

ಪದ್ಮ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಕೇಳಿದಳು, “ನಂದಾ?”

“ನಿಂದೇ ಕಣೇ. ಪೂರ್ತಿ ನಿಂದೇ.”

ಹಾಲಿನಲ್ಲಿ ಅದ್ದಿ ತಿಂದಳು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ತಿಂಗಳುಗಳು ಕಳೆದವು. ಹೊಟ್ಟೆ ಇಳಿಯಿತು. ಕೆನ್ನೆಯಲ್ಲಿ ಮಾಂಸ ಕಂಡಿತು. ರಾಗಿಯಿಂದ ಶುರು ಮಾಡಿ ನೋಡಿ, ಎಂದರು ಡಾಕ್ಟರು. ಅವಳಿಗೆಂದು ರಾಗಿ ಹಸನು ಮಾಡಿಕೊಂಡು ಹಿಟ್ಟಿನ ಮಿಷನ್ನಿಗೆ ನಾನೇ ಹೋದೆ. ಮುಂದೆ ಗೋಧಿ ಡಬ್ಬಗಳ ಸಾಲು. ನನ್ನ ಬುಟ್ಟಿಯನ್ನು ಮಿಷನ್ನಿನವನು ಕೊನೆಗೆ ಸರಿಸಿದ.

“ನಂದು ಮೊದಲು ಹಾಕಪ್ಪ, ಮಗು ಬಿಟ್ಟು ಬಂದಿದೀನಿ.”

“ಆಗಲ್ಲಕ್ಕ. ರಾಗಿ ಮ್ಯಾಲೆ ಗೋಧಿ ಹಾಕಿದ್ರೆ ಚಪಾತಿ ಕರ್ರಗಾಗ್ತವೆ ಅಂತ ಬೈತಾರೆ. ಗೋಧಿ ಎಲ್ಲಾ ಆದ್ಮೇಲೇ ರಾಗಿ.”

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ. ಮಿಷನ್ನಿನ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ಮೊದಲು ರಾಗಿಯವರ ಡಬ್ಬಕ್ಕೆ ಬೀಳುತ್ತದೆ. ರಾಗಿಯವರು ಯಾರೂ ಜಗಳ ತೆಗೆಯುವುದಿಲ್ಲ. ಬಿದ್ದರೆ ಒಳ್ಳೆಯದೇ, ಗೋಧಿ ದುಬಾರಿಯದಲ್ಲವೇ ಎಂದು ಸಂತೋಷವಾಗಿಯೇ ಮನೆಗೆ ಬರುತ್ತೇವೆ. ಅವತ್ತು ಕೊಳವೆಯ ಬಾಯಿಂದ ಕಪ್ಪುಹಿಟ್ಟಿಗೆ ಮುಂಚೆ ಬೆಳ್ಳಗೆ ಒಂದು ಹಿಡಿ ಬಿದ್ದದ್ದನ್ನು ನೋಡುತ್ತ ನಿಂತೆ.

ಎಲ್ಲಿಂದಲೋ ಹೋಗ್ತಾ ಇದೆ ಅಂದಿದ್ದರಲ್ಲ, ಇಲ್ಲಿಂದ ಹೋಗುತ್ತಿತ್ತು.

ಹಿಟ್ಟನ್ನು ಅಲ್ಲೇ ಯಾರಿಗೋ ಕೊಟ್ಟು ಬಂದೆ. ಡಾಕ್ಟರಿಗೆ ಹೇಳಿದಾಗ ಅವರು, ಅದೇ ಇರಬೇಕು ಎಂದರು. ಬೀಸುಕಲ್ಲನ್ನು ತೊಳೆದು, ಪದ್ಮನ ರಾಗಿಯನ್ನು ಮನೆಯಲ್ಲೇ ಬೀಸುತ್ತಿದ್ದೇನೆ. ಮುದ್ದೆ ತಿನ್ನುತ್ತಾಳೆ, ಅನ್ನವೂ ಒಗ್ಗಿದೆ. ಆದರೂ ವಾರಕ್ಕೊಮ್ಮೆ ಅವಳಿಗೆ ಬನ್ನು ಬೇಕು. ಕಾಯಿಲೆ ಪೂರ್ತಿ ವಾಸಿಯಾಗುವಂಥದ್ದಲ್ಲ, ಬದುಕಿರುವತನಕ ಗೋಧಿ ಮುಟ್ಟುವ ಹಾಗಿಲ್ಲ. ನಾಳೆ ಸ್ಕೂಲಿನಲ್ಲಿ, ನಾಳಿದ್ದು ಗಂಡನ ಮನೆಯಲ್ಲಿ ಹೇಗೋ ಏನೋ ಎಂದು ಹೆದರಿಕೆಯಾಗುತ್ತದೆ. ಆದರೆ ಮಗಳು ಇದ್ದಾಳೆ. ಹೆದರಿಕೊಳ್ಳಲಾದರೂ ಇದ್ದಾಳೆ.

ಈ ಸಲದ ಮಹಾಲಯ ಅಮಾವಾಸ್ಯೆ ಬಂತು. ಹಿಂದಿನ ದಿನ ಕೆಲಸಕ್ಕೆ ಹೊರಟ ನನ್ನ ಗಂಡ ಬಾಗಿಲಲ್ಲಿ ನಿಂತು, “ವೆಂಕಟೇಶನಿಗೆ ಏನು ತರಲಿ?” ಎಂದರು. ಅತ್ತೆ ಮೊರದಲ್ಲಿದ್ದ ಅಕ್ಕಿಯಲ್ಲಿ ಸುಮ್ಮನೆ ಕೈಯಾಡಿಸುತ್ತಿದ್ದರು. ಅಷ್ಟು ವರ್ಷ ಅವನ ಎಲೆಯ ಮೇಲೆ ಏನು ಇಟ್ಟುಕೊಂಡು ಬಂದಿದ್ದೆವು ಎಂಬುದು ಮೂವರಿಗೂ ಗೊತ್ತಿತ್ತು.

“ಏನೂ ತರಬೇಡಿ,” ಅಂದೆ. “ಮನೇಲೇ ಮಾಡ್ತೀನಿ.”

ಬೆಳಿಗ್ಗೆ ಸ್ನಾನ ಮಾಡಿ ಕೂತು ಕಡಲೆಕಾಯಿ ಕುಟ್ಟಿದೆ. ಅತ್ತೆ ಕಡೆಗೋಲು ಹಿಡಿದರು. ಅವರ ಕಣ್ಣೀರು ಬಿಂದಿಗೆಗೆ ಬೀಳದಂತೆ ಆಗಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮಾವನವರ ದೊಡ್ಡ ಎಲೆ, ಪಕ್ಕದಲ್ಲಿ ವೆಂಕಟೇಶನ ಚಿಕ್ಕ ಎಲೆ. ಹಾಲು ಇಟ್ಟೆ. ಬಿಸಿ ಆರದ ಬನ್ನು ಇಟ್ಟೆ. ಕರ್ಪೂರ ಹಚ್ಚಿ, ಬಾಗಿಲು ಮರೆ ಮಾಡಿ ಎಲ್ಲರೂ ಹೊರಗೆ ಬಂದೆವು. ಅವರು ಬಂದು ಉಣ್ಣಲಿ ಎಂದು ಹಾಗೆ ಬಿಟ್ಟು ಬರುವುದು ಪದ್ಧತಿ.

ಜಗಲಿಯ ಮೇಲೆ ಪದ್ಮ ನನ್ನ ಸೀರೆ ಜಗ್ಗಿದಳು.

“ಅಮ್ಮ, ಅಣ್ಣಂಗೂ ನನ್ ಬನ್ನೇ ಇಟ್ಟೆಯಾ?”

“ಹೂಂ ಕಣೇ.”

“ಹಂಗಾದ್ರೆ ಅಣ್ಣಂಗೆ ಹೊಟ್ಟೆನೋವು ಬರಲ್ಲ.”

ನನ್ನ ಗಂಡ ಬೇರೆ ಕಡೆ ತಿರುಗಿಕೊಂಡರು. ಬರಲ್ಲ ಎಂದೆ.

ಎಡೆ ತೆಗೆದಮೇಲೆ ಮನೆಯವರು ಅದನ್ನು ಪ್ರಸಾದವೆಂದು ಹಂಚಿಕೊಂಡು ತಿನ್ನುತ್ತೇವೆ. ಹೋದ ಸಲ ಅಭ್ಯಾಸದಂತೆ ಬೇಕರಿಯ ಬನ್ನೇ ಇಟ್ಟಿದ್ದರಿಂದ ಅಣ್ಣನ ಎಲೆಯ ಹತ್ತಿರ ಪದ್ಮನನ್ನು ನಾನು ಬಿಟ್ಟಿರಲಿಲ್ಲ. ಈ ಸಲ ಅತ್ತೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ವೆಂಕಟೇಶನ ಬನ್ನನ್ನು ಮುರಿದು ಅವನ ಹಾಲಿನಲ್ಲಿ ಅದ್ದಿ ತಿನ್ನಿಸಿದರು. ಅವಳು ಅದನ್ನು ಪೂರ್ತಿ ತಿಂದು ಇನ್ನೊಂದು ಕೇಳಿದಳು.