ಮಾವಶಿಯ ಹನ್ನೊಂದು ಸೀಡಿಗಳು

ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ಇಟ್ಟಿದ್ದ ಹಾರ್ಡ್ ಡಿಸ್ಕೊಂದು ಕಳೆದ ವಾರ ಕಪಾಟಿನಲ್ಲಿ ಸಿಕ್ಕಿತು. ದಿಂಬಿನ ಚೀಲದಲ್ಲಿ ಸುತ್ತಿ ಸೀರೆಗಳ ಕೆಳಗೆ ಇಟ್ಟಿದ್ದೆ. ಬಿಚ್ಚಿದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮಗಳು ಅದನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟಳು. ಅದರಲ್ಲಿದ್ದ ಹಾಡುಗಳನ್ನು ಮ್ಯೂಸಿಕ್ ಪ್ರೋಗ್ರಾಂ ಒಳಗೆ ಎಳೆದುಕೊಂಡು ಪರದೆಯ ಮೇಲೆ ಹರಡಿತು. ಒಂದೇ ಹೆಸರಿನ ಹನ್ನೊಂದು ಆಲ್ಬಂಗಳು, ಬೂದು ಬಣ್ಣದ ಹನ್ನೊಂದು ಚೌಕಗಳು. ಎಲ್ಲೋ ಒಂದು ಖಾನೆ ಖಾಲಿ ಉಳಿದಿತ್ತು. ಅದನ್ನು ತುಂಬಿದ ಕೂಡಲೇ ಹನ್ನೊಂದೂ ಕೂಡಿ ಒಂದಾದವು. ಹತ್ತು ನಿಮಿಷದ ಕೆಲಸ. ಇದೇ ಕೆಲಸಕ್ಕೆ ಮಿರಜದಲ್ಲಿ ನನಗೂ ಪಕ್ಕದ ಮನೆಯ ಮಾವಶಿಗೂ ಒಂದಿಡೀ ಮಳೆಗಾಲ ಬೇಕಾಗಿತ್ತು...

ಆಗ ನಾನು ಕವಲಾಪುರದಿಂದ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಮಿರಜದ ಹಳೆಯ ವಾಡೆಗಳನ್ನು ಕೆಡವಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟುಗಳನ್ನು ಏಳಿಸುತ್ತಿದ್ದ ಕಾಲ. ಅಂಥದೊಂದರ ಮೂರನೆಯ ಮಹಡಿಯಲ್ಲಿ ನಾವಿದ್ದೆವು. ಗಂಡ ಆಸ್ಪತ್ರೆಯೊಂದರ ಲ್ಯಾಬಿಗೆ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಮನೆಯಲ್ಲೇ ಕಂಪ್ಯೂಟರಿಟ್ಟುಕೊಂಡು ಲಗ್ನಪತ್ರಿಕೆ, ಬಾರಸೆ ಎಂಬ ನಾಮಕರಣದ ಆಮಂತ್ರಣಗಳನ್ನು ಅಚ್ಚಿಗೆ ಸಿದ್ಧಮಾಡಿ ಕೊಡುತ್ತಿದ್ದೆ. ಮಗಳು ಮಧ್ಯಾಹ್ನ ಮಲಗಿದ ಎರಡು ತಾಸು ನನ್ನ ಕೆಲಸದ ಹೊತ್ತು.

ಪಕ್ಕದ ಮನೆಯಲ್ಲಿ ನಾನು ಮಾವಶಿ, ಕಾಕಾ ಎಂದು ಕರೆಯುತ್ತಿದ್ದ ಗಂಡ ಹೆಂಡತಿ ಇದ್ದರು. ಮಾವಶಿಗೆ ಐವತ್ತು ದಾಟಿತ್ತು. ಮ್ಹೈಸಾಳದ ಕಡೆಯ ಜೈನರ ಮಗಳು, ನನ್ನಂತೆಯೇ ಮನೆಮಾತು ಕನ್ನಡ. ಆದರೆ ಕಾಕಾ ಮರಾಠಿಯವರು, ಸಾಂಗಲಿಯ ಕಚೇರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾದ ಮೇಲೆ ಮಾವಶಿಯ ಕನ್ನಡಕ್ಕೆ ಮನೆಯಲ್ಲಿ ಕೆಲಸವೇ ಇರಲಿಲ್ಲ. ನಾನು ಸಿಕ್ಕ ಮೇಲೆ ಅದು ಮತ್ತೆ ನಾಲಗೆಗೆ ಬಂತು ಅನ್ನುತ್ತಿದ್ದರು.

ಕಾಕಾ ಕೆಟ್ಟವರಲ್ಲ. ಹಾಲು, ತರಕಾರಿ, ಪೂಜೆಯ ಹೂ ಎಲ್ಲವನ್ನೂ ತಾವೇ ತರುತ್ತಿದ್ದರು, ಹೆಂಡತಿಗೆ ಮೆಟ್ಟಿಲಿಳಿಯುವ ತ್ರಾಸು ಬೇಡವೆಂದು. ಮಧ್ಯಾಹ್ನ ಎರಡಕ್ಕೆ ವಾಚನಾಲಯಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಕೈ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಕೆಳಗಿನ ಓಣಿಯಲ್ಲಿ ಎರಡು ಮನೆಗಳಲ್ಲಿ ಕಳವಾಗಿತ್ತು, ಹೆಂಗಸು ಒಬ್ಬಳೇ ಇರುತ್ತಾಳೆ ಎಂಬುದು ಅವರ ಕಾರಣ. ಐದಕ್ಕೆ ಬಂದು ಬೀಗ ತೆಗೆಯುತ್ತಿದ್ದರು. ಕಟ್ಟಡದ ಹೆಂಗಸರು, ನಿಮ್ಮವರಿಗೆ ನಿಮ್ಮ ಮೇಲೆ ಎಷ್ಟು ಕಾಳಜಿ ಎಂದು ಮಾವಶಿಗೆ ಹೇಳುತ್ತಿದ್ದರು. ಮಾವಶಿ ನಗುತ್ತಿದ್ದರು, ಅಷ್ಟೇ.

ನಮ್ಮ ಎರಡು ಮನೆಗಳ ಹಿಂದಿನ ಬಾಲ್ಕನಿ, ಅಲ್ಲಿಯವರ ಮಾತಿನಲ್ಲಿ ಗ್ಯಾಲರಿ, ಒಂದೇ, ನಡುವೆ ಕಬ್ಬಿಣದ ಗ್ರಿಲ್ ಹಾಕಿ ಎರಡು ಮಾಡಿದ್ದರು. ಅದರ ಸರಳುಗಳ ನಡುವೆ ಕೈ ತೂರುತ್ತಿತ್ತು. ಒಂದು ಮಧ್ಯಾಹ್ನ ಮಾವಶಿ ಆ ಸಂದಿಯಿಂದ ಹಪ್ಪಳದ ಡಬ್ಬಿಯೊಂದನ್ನು ನನ್ನ ಕಡೆ ದಾಟಿಸಿದರು. ಒಳಗೆ ಹಪ್ಪಳದ ಕೆಳಗೆ ಕಾಗದದ ಲಕೋಟೆಗಳಲ್ಲಿ ಹನ್ನೊಂದು ಸೀಡಿಗಳಿದ್ದವು.

"ಇದರಾಗ ಏನೈತ್ರಿ ಮಾವಶಿ?" ಎಂದೆ.

"ನಾ ಅದೇನಿ," ಎಂದರು.

ಮದುವೆಗೆ ಮುಂಚೆ ಮಾವಶಿ ಮಿರಜದ ಸೋದರತ್ತೆಯ ಮನೆಯಲ್ಲಿದ್ದು ನಾಲ್ಕು ವರ್ಷ ಹಾಡು ಕಲಿತಿದ್ದರು. ಕಲಿಸಿದ ಮಾಸ್ತರ ಗೆಳೆಯರೊಬ್ಬರು ಸಿತಾರು ಮಾಡುವವರು. ಅವರಲ್ಲಿ ದೊಡ್ಡ ಸ್ಪೂಲಿನ ರೆಕಾರ್ಡರ್ ಇತ್ತು. ಕೊನೆಯ ವರ್ಷದ ಪಾಠಗಳನ್ನು ಅವರು ಹಿಡಿದಿಟ್ಟಿದ್ದರಂತೆ. ಮಾಸ್ತರು ತೀರಿಹೋಗಿ ಎಷ್ಟೋ ವರ್ಷದ ಮೇಲೆ ಮಾಸ್ತರ ಮೊಮ್ಮಗ ಆ ಸ್ಪೂಲುಗಳನ್ನು ಸಾಂಗಲಿಯ ಸ್ಟುಡಿಯೋದಲ್ಲಿ ಸೀಡಿಗೆ ಇಳಿಸಿ, ಯಾವುದೋ ಮದುವೆಯಲ್ಲಿ ಸಿಕ್ಕಾಗ ಮಾವಶಿಗೂ ಒಂದು ಪ್ರತಿ ಕೊಟ್ಟಿದ್ದ. ಮನೆಯಲ್ಲಿ ಕೇಳಲು ಯಂತ್ರವಿಲ್ಲ. ಇದ್ದರೂ ಹಚ್ಚುವಂತಿರಲಿಲ್ಲ, ಕಾಕಾ ಈ ಬಗೆಯ ಸಂಗೀತವನ್ನು "ರಡಗಾಣ" ಅನ್ನುತ್ತಿದ್ದರು, ಅಳುವ ಹಾಡು. ಮಾವಶಿ ಆ ಸೀಡಿಗಳನ್ನು ಒಂದು ವರ್ಷ ಡಬ್ಬಿಯಲ್ಲೇ ಇಟ್ಟಿದ್ದರು.

"ಹನ್ನೊಂದೂ ಕೂಡಿಸಿ ಒಂದ ಮಾಡಾಕ ಬರತೈತೇನು ತಂಗಿ? ಮೊದಲ ದಿನದಿಂದ ಕಡೀ ದಿನದ ತನಕ, ಸಾಲಾಗಿ?"

ಬರುತ್ತದೆ ಎಂದೆ. ಎಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಸ್ಟುಡಿಯೋದವರು ಸೀಡಿಯ ಮೇಲೆ ಪೆನ್ನಿನಿಂದ ಅಂಕಿ ಬರೆದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಕೆಲವು ಅಂಕಿಗಳು ಅಳಿಸಿಯೂ ಹೋಗಿದ್ದವು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಒಂದೇ ಆಲ್ಬಂ ಹೆಸರು ಕೊಟ್ಟೆ. ಸ್ಪೀಕರನ್ನು ಗ್ಯಾಲರಿಯ ಬಾಗಿಲಿಗೆ ತಂದು ಹಚ್ಚಿದರೆ, ತಂಬೂರಿ ಶ್ರುತಿ ಮಾಡುವ ಸದ್ದು. ಅದು ಮುಗಿದರೆ ಮತ್ತೆ ಶ್ರುತಿ ಮಾಡುವ ಸದ್ದು. ಹೀಗೆ ಹನ್ನೊಂದು ಸಲ. ಪ್ರೋಗ್ರಾಂ ಎಲ್ಲ ಸೀಡಿಗಳ ಒಂದನೆಯ ಟ್ರ್ಯಾಕುಗಳನ್ನು ಮೊದಲು, ಎರಡನೆಯ ಟ್ರ್ಯಾಕುಗಳನ್ನು ಆಮೇಲೆ ಪೇರಿಸಿಟ್ಟಿತ್ತು. ಮಾವಶಿ ಗ್ರಿಲ್ಲಿನ ಆಚೆ ಮಣೆಯ ಮೇಲೆ ಕೂತು ನಗಾಡಿದರು. "ಅವತ್ತೂ ಹಿಂಗ ಇತ್ತು. ಅರ್ಧಾ ತಾಸು ಬರೇ ತಂಬೂರಿ." ಡಿಸ್ಕ್ ನಂಬರ್ ಎಂಬ ಬೇರೆಯೇ ಖಾನೆಯೊಂದಿದೆ, ಅಲ್ಲಿ ಹನ್ನೊಂದರಲ್ಲಿ ಇದು ಎಷ್ಟನೆಯದು ಎಂದು ಬರೆಯಬೇಕು ಎಂದು ಕಂಡುಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು.

ಖಾನೆ ಸಿಕ್ಕಿತು, ಆದರೆ ಯಾವುದು ಎಷ್ಟನೆಯದು? ಅದನ್ನು ಮಾವಶಿ ಕೇಳಿಯೇ ಹೇಳಬೇಕಾಯಿತು. ದಿನಕ್ಕೆ ಎರಡು ತಾಸು, ಸರಳುಗಳ ಆಚೆ ಅವರು, ಈಚೆ ನಾನು. ಮಾಸ್ತರು ಒಂದು ಸಾಲು ಹೇಳುವರು, ಹದಿನೆಂಟರ ಹುಡುಗಿ ಅದನ್ನೇ ಹೇಳುವಳು. ತೆಳ್ಳನೆಯ, ಹೆದರಿಕೆಯಿಲ್ಲದ ದನಿ. ಮಾವಶಿ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಸರಳನ್ನು ತಟ್ಟುತ್ತಿದ್ದರು.

"ಇದು ನಾಕಲ್ಲ, ಐದು. ನಾಕರಾಗ ನನಗ ನೆಗಡಿ ಬಂದಿತ್ತು. ಇದರಾಗ ಮೂಗು ಬಿಟ್ಟೈತಿ ನೋಡು."

ನನಗೆ ಏನೂ ತಿಳಿಯಲಿಲ್ಲ, ಆದರೆ ಬದಲಿಸಿದೆ. ಇನ್ನೊಂದರಲ್ಲಿ ತಗಡಿನ ಮೇಲೆ ಮಳೆ ಬೀಳುತ್ತಿತ್ತು, ಹಾಗಾಗಿ ಅದು ದೀಪಾವಳಿಗಿಂತ ಹಿಂದಕ್ಕೆ ಹೋಯಿತು. ಒಂದರಲ್ಲಿ ತಂಬೂರಿಯ ತಂತಿ ಹರಿದು ಹೊಸದು ಹಾಕಿದ್ದರು, ಅದರ ದನಿ ಇನ್ನೂ ಹಸಿಯಾಗಿತ್ತು. ಭೀಮಪಲಾಸ ರಾಗ ಕಲಿತದ್ದು ಯಾವ ತಿಂಗಳು, ತೋಡಿ ಯಾವ ತಿಂಗಳು ಎಂದು ಮಾವಶಿ ಹೇಳುವರು, ನಾನು ಒಂದೊಂದು ಟ್ರ್ಯಾಕಿಗೂ ಹೆಸರು ಬರೆಯುವೆ. ಕನ್ನಡದಲ್ಲಿ ಬರೆದರೆ ಆ ಪ್ರೋಗ್ರಾಂ ಬರೀ ಚೌಕಗಳನ್ನು ತೋರಿಸುತ್ತಿತ್ತು, ಅದಕ್ಕೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆವು. ಹಾಡಿದವರು ಯಾರು ಎಂಬ ಖಾನೆಗೆ ಬಂದಾಗ ಮಾಸ್ತರ ಹೆಸರು ಹೇಳಿದರು.

"ನಿಮ್ಮ ಹೆಸರು?"

"ಬ್ಯಾಡ. ಶಿಷ್ಯೆ ಅಂತ ಬರಿ, ಸಾಕು."

ಯಾಕೆ ಬಿಟ್ಟಿರಿ ಎಂದು ಆ ದಿನಗಳಲ್ಲಿ ಎರಡು ಮೂರು ಸಲ ಕೇಳಿದ್ದೆ. ಪ್ರತಿ ಸಲವೂ ಒಂದೇ ಉತ್ತರ. "ನಮ್ಮಪ್ಪ ಬಿಡಿಸಿದಾ. ಲಗ್ನ ಠರಾಯಿಸಿ ಒಮ್ಮಿಗೇ ಕರಕೊಂಡು ಹೋದಾ." ಬೈಗುಳವೇನೂ ಇರುತ್ತಿರಲಿಲ್ಲ. ಆದರೆ ಅಪ್ಪ ತೀರಿಕೊಂಡಾಗ ತಾನು ಅಳಲಿಲ್ಲ ಎಂದೂ ಒಮ್ಮೆ ಹೇಳಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತು ಸೀಡಿಗಳು ಸಾಲಾಗಿ ಕೂತವು. ಹನ್ನೊಂದನೆಯದು ಬಹಳ ಸಣ್ಣದು, ಎರಡೇ ಟ್ರ್ಯಾಕು. ಮೊದಲನೆಯದರಲ್ಲಿ ಶ್ರುತಿ ಮಾಡಿದ ಮೇಲೆ ಪಾಠ. ಒಂದೇ ಸಾಲನ್ನು ಮಾಸ್ತರು ಮತ್ತೆ ಮತ್ತೆ ಹೇಳಿಸುತ್ತಿದ್ದರು, ಮತ್ತೆ ಮತ್ತೆ ಬೇಡವೆನ್ನುತ್ತಿದ್ದರು. ಎರಡನೆಯದರಲ್ಲಿ ಹಾಡೇ ಇಲ್ಲ. ತಂಬೂರಿ ನುಡಿಯುತ್ತಿದೆ, ಯಂತ್ರ ನಿಲ್ಲಿಸುವುದನ್ನು ಯಾರೋ ಮರೆತಿದ್ದಾರೆ. ಮಾಸ್ತರ ದನಿ ಕೇಳಿಸಿತು.

"ನಾಳಿಂದ ಬರೂದಿಲ್ಲ ಅಂತ ನಿಮ್ಮತ್ತಿ ಹೇಳಿದ್ಲು. ಖರೇ ಏನು?"

"ಹೌದ್ರಿ."

"ಲಗ್ನ ಆಗ್ಲಿ. ಹಾಡೂದು ಯಾಕ ಬಿಡಬೇಕು? ನಾ ನಿಮ್ಮ ಅಪ್ಪಾರ ಕಡೆ ಬಂದು ಮಾತಾಡ್ತೇನಿ. ಹುಡುಗನ ಮನ್ಯಾವರಿಗೂ ಹೇಳ್ತೇನಿ. ನೀ ಒಮ್ಮೆ ಹೂಂ ಅನ್ನು."

ಬಹಳ ಹೊತ್ತು ಬರೀ ತಂಬೂರಿ...

"ಬ್ಯಾಡ್ರಿ ಮಾಸ್ತರ. ಬರಬ್ಯಾಡ್ರಿ."

"ಯಾಕ?"

"ನನಗ ಸಾಕಾಗೇತ್ರಿ."

"ಆತು," ಎಂದರು ಮಾಸ್ತರು. "ತಂಬೂರಿ ಗ್ವಾಡಿಗೆ ಆನಿಸಿ ಇಡು." ಅಲ್ಲಿಗೆ ಮುಗಿಯಿತು.

ನಾನು ತಿರುಗಿ ನೋಡಿದೆ. ಮಾವಶಿ ಎರಡೂ ಕೈಗಳಿಂದ ಸರಳು ಹಿಡಿದುಕೊಂಡಿದ್ದರು. "ಇನ್ನೊಮ್ಮೆ ಹಚ್ಚು," ಎಂದರು. ಹಚ್ಚಿದೆ. ಮೂರನೆಯ ಸಲವೂ ಹಚ್ಚಿಸಿದರು.

"ಮೂವತ್ತ ವರ್ಷ ಅಪ್ಪನ್ನ ಬೈಕೊಂತ ಬಂದೆ," ಎಂದರು ಕೊನೆಗೆ. "ಮಾಸ್ತರು ಬರಾಕ ತಯಾರ ಇದ್ರು ಅಂತ ಅಂವಗ ಗೊತ್ತ ಇರಲಿಲ್ಲ. ನನಗರ ಎಲ್ಲಿ ನೆನಪಿತ್ತು?"

"ಸಣ್ಣಾಕಿ ಇದ್ರಿ ಮಾವಶಿ, ಅದರಾಗ ನಿಮ್ಮ ತಪ್ಪೇನು?" ಎಂದೆ.

"ಸಣ್ಣಾಕಿ ಇದ್ದೆ. ಖರೆ, ಮಾತಾಡಾಕ ಬರತಿತ್ತಲ್ಲ."

ಮರುದಿನ ಅವರು ಗ್ಯಾಲರಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡಕ್ಕೆ ಬೀಗ ಬೀಳುವ ಸದ್ದು ಕೇಳುತ್ತಿತ್ತು, ಆಮೇಲೆ ಐದರವರೆಗೆ ಆ ಮನೆಯಿಂದ ಒಂದು ಪಾತ್ರೆಯ ಸದ್ದೂ ಇಲ್ಲ. ಬಾಗಿಲು ಬಡಿಯೋಣವೆಂದರೆ ತೆರೆಯುವ ಕೀಲಿಕೈ ಒಳಗಿಲ್ಲ. ಗ್ರಿಲ್ಲಿನ ಬಳಿ ನಿಂತು ಕರೆದೆ. ಮಗಳನ್ನು ಎತ್ತಿಕೊಂಡು ಆ ಗ್ಯಾಲರಿಯಲ್ಲಿ ಅತ್ತಿತ್ತ ತಿರುಗುತ್ತಿದ್ದೆ. ನನ್ನ ಬಾಗಿಲಿಗೆ ಬೀಗವಿರಲಿಲ್ಲ, ಆದರೂ ಆ ಮೂರು ವರ್ಷದಲ್ಲಿ ನಾನು ಒಬ್ಬಳೇ ಸ್ಟೇಶನ್ ರಸ್ತೆಯ ತನಕ ಕೂಡ ಹೋಗಿರಲಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು.

ಒಂಬತ್ತನೆಯ ದಿನ ಮಧ್ಯಾಹ್ನ ಮೆಟ್ಟಿಲ ಬಳಿ ಕಾಕಾರ ದನಿ ಕೇಳಿ ಬಾಗಿಲು ತೆರೆದೆ. ಕಾಕಾ ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಕೀಲಿಕೈ ಹಿಡಿದು ನಿಂತಿದ್ದರು. ಮಾವಶಿ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲ ಹೊರಗೆ ನಿಂತಿದ್ದರು.

"ಕುಠೇ ಚಾಲ್ಲೀಸ?" ಎಂದು ಕೇಳುತ್ತಿದ್ದರು ಕಾಕಾ, ಎಲ್ಲಿಗೆ ಹೊರಟೆ ಎಂದು.

ಮಾವಶಿ ನನ್ನ ಬಾಗಿಲು ತೋರಿಸಿದರು. ನಾಲ್ಕು ಹೆಜ್ಜೆ ನಡೆದು ಒಳಗೆ ಬಂದರು. ಕಾಕಾ ನನ್ನನ್ನು ನೋಡಿದರು, ತೆರೆದ ತಮ್ಮ ಮನೆಯನ್ನು ನೋಡಿದರು. ಆಮೇಲೆ ಖಾಲಿ ಮನೆಗೆ ಬೀಗ ಹಾಕಿ, ರೂಢಿಯಂತೆ ಎರಡು ಸಲ ಜಗ್ಗಿ ನೋಡಿ, ವಾಚನಾಲಯಕ್ಕೆ ಇಳಿದು ಹೋದರು. ಮಾವಶಿ ನನ್ನ ಕುರ್ಚಿಯ ಮೇಲೆ ಕುಳಿತು ನೀರು ಕೇಳಿದರು.

"ಆ ಹನ್ನೊಂದನೇದು ಅಳಿಸಲೇನ್ರಿ?" ಎಂದು ಕೇಳಿದೆ.

"ಇರಲಿ. ಅದೂ ನನ್ನ ದನಿನ." ಪರದೆಯತ್ತ ಬಾಗಿ, "ಶಿಷ್ಯೆ ಅನ್ನೂದು ತಗದು ಹೆಸರು ಬರಿ," ಎಂದರು. ತವರಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಮೂರನ್ನೂ ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಎಲ್ಲ ಟ್ರ್ಯಾಕಿಗೂ ಒಟ್ಟಿಗೆ ಹಾಕಲು ಬರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಒಂದೊಂದಕ್ಕೇ ಬರೆದೆ. ಅವರು ಪಕ್ಕದಲ್ಲಿ ಕೂತು ಪ್ರತಿಯೊಂದನ್ನೂ ಓದಿದರು.

ಅಂದಿನಿಂದ ಎರಡು ವರ್ಷ, ಮಧ್ಯಾಹ್ನಗಳು ನಮ್ಮ ಮನೆಯಲ್ಲಿ. ಸಾಕಾಗಿದೆ ಎಂದು ಆ ಹುಡುಗಿ ಯಾಕೆ ಹೇಳಿದಳು ಎಂಬುದನ್ನು ಅವರೇ ಒಂದು ದಿನ ಶೇಂಗಾ ಸುಲಿಯುತ್ತ ಹೇಳಿದರು. "ಒಂದ ಸಾಲು, ಒಂಬತ್ತ ದಿನ. ದಿನಾ ತಪ್ಪು. ಲಗ್ನ ಆದ್ರ ಇದರಿಂದ ಪಾರಾದೆ ಅಂತ ಅನಿಸಿತ್ತು." ಅವರು ಮನೆಗೆ ಬರತೊಡಗಿದ ಮೇಲೆ ನಾವಿಬ್ಬರೂ ಮಗಳನ್ನು ಕರೆದುಕೊಂಡು ಪೇಟೆಗೆ ಹೋಗುತ್ತಿದ್ದೆವು, ಒಮ್ಮೆ ಬಸ್ಸಿನಲ್ಲಿ ಸಾಂಗಲಿಗೂ ಹೋಗಿ ಬಂದೆವು. ಕಾಕಾ ಬೀಗ ಹಾಕುವುದನ್ನು ಬಿಡಲಿಲ್ಲ. ಮಾವಶಿ ಅದಕ್ಕೆ ಮುಂಚೆ ಹೊರಬರುವುದನ್ನೂ ಬಿಡಲಿಲ್ಲ.

ಆಮೇಲೆ ನನ್ನ ಗಂಡನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಮಾವಶಿ ಬಾಗಿಲಲ್ಲಿ ನಿಂತು ಮಗಳ ಕೈಗೆ ಉಂಡಿಯ ಡಬ್ಬಿ ಕೊಟ್ಟರು. ಆಗಾಗ ಫೋನು ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೆ, ಆಮೇಲೆ ಅದೂ ತಪ್ಪಿತು. ಒಂದು ಸಂಕ್ರಾಂತಿಗೆ ಮಾಡಿದಾಗ ಕಾಕಾ ಎತ್ತಿಕೊಂಡರು. ಮಾವಶಿ ತೀರಿಹೋಗಿ ಮೂರು ತಿಂಗಳಾಗಿತ್ತು. ನನಗೆ ತಿಳಿಸುವವರು ಯಾರೂ ಇರಲಿಲ್ಲ. ಕೊನೆಗೆ ಕಾಕಾ ಮರಾಠಿಯಲ್ಲಿ ಕೇಳಿದರು: ನಿನ್ನ ಕಂಪ್ಯೂಟರಿನಲ್ಲಿ ಅವಳ ದನಿ ಏನಾದರೂ ಇದೆಯಾ ಮಗಳೇ?

ಮುಂದಿನ ಸಲ ಮಿರಜಕ್ಕೆ ಹೋದಾಗ ಹನ್ನೊಂದನೆಯದನ್ನು ಬಿಟ್ಟು ಉಳಿದ ಹತ್ತನ್ನೂ ಒಂದು ಡಿಸ್ಕಿಗೆ ಹಾಕಿಕೊಂಡು, ಕೇಳಿಸಲು ಚಿಕ್ಕ ಪ್ಲೇಯರನ್ನೂ ಒಯ್ದೆ. ಕಾಕಾ ಕಿವಿಗೆ ಕೈಯೊಡ್ಡಿ ಕುಳಿತರು. ಮಾಸ್ತರು ಹಾಡಿದರು, ಆಮೇಲೆ ಹುಡುಗಿ ಹಾಡಿದಳು. ಕಾಕಾ ಬಹಳ ಹೊತ್ತು ಕೇಳಿದರು.

"ಹೀ ಕೋಣ?" ಎಂದರು. ಇವಳು ಯಾರು?

"ಮಾವಶಿ," ಎಂದೆ.

ಅವರು ತಲೆಯಲ್ಲಾಡಿಸಿದರು. ಅಲ್ಲ, ಅವಳ ದನಿ ಹೀಗಿರಲಿಲ್ಲ ಎಂದರು. ಸಿಟ್ಟಿನಿಂದಲ್ಲ, ನಾನು ತಪ್ಪು ತಂದಿದ್ದೇನೆ ಎಂಬ ಮರುಕದಿಂದ. ನಲವತ್ತು ವರ್ಷ ಜೊತೆಗಿದ್ದ ಮನುಷ್ಯ ಆ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಚಹಾ ಆಯಿತು ಎಂದು ಕರೆಯುವ ದನಿ. ನಾನು ವಾದಿಸಲಿಲ್ಲ. ಡಿಸ್ಕನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ಆಮೇಲೆ ಅವರು ಅದನ್ನು ಕೇಳಿದರೋ ಇಲ್ಲವೋ ಗೊತ್ತಿಲ್ಲ.

ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಒಬ್ಬ ಹದಿನೆಂಟರ ಹುಡುಗಿಯ ದನಿ ಇದೆ, ಸಾಲಾಗಿ, ಹೆಸರು ಸಮೇತ. ಆದರೆ ನನಗೆ ತಂಗಿ ಅಂದ, ನೆಗಡಿ ಯಾವುದು ಎಂದು ತೋರಿಸಿಕೊಟ್ಟ ಮಾವಶಿಯ ಒಂದು ಮಾತೂ ಎಲ್ಲಿಯೂ ಇಲ್ಲ. ಆ ಎರಡು ವರ್ಷವೂ ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಮೈಕು ಬಿದ್ದಿತ್ತು. ಅದನ್ನು ಅವರ ಮುಂದೆ ಹಿಡಿದು, ಈಗ ಒಂದು ಹಾಡಿರಿ ಮಾವಶಿ ಎಂದು ಒಮ್ಮೆಯಾದರೂ ಕೇಳಬಹುದಾಗಿತ್ತು. ನನಗೆ ಹೊಳೆಯಲೇ ಇಲ್ಲ.