ಪ್ರಕಟಣೆಯ ಕೆಳಗೆ ಸರಿದ ಹೆಸರು

ಕಳೆದ ಭಾನುವಾರ ಚಾಮರಾಜಪೇಟೆಯ ನಮ್ಮ ಚರ್ಚಿನಲ್ಲಿ ನನ್ನ ಅಕ್ಕನ ಹೆಸರು ಕೇಳಿಸಲಿಲ್ಲ.

ತೀರಿಕೊಂಡವರ ವಾರ್ಷಿಕ ದಿನ ಬಂದಾಗ ಆ ವಾರದ ಆರಾಧನೆಯಲ್ಲಿ ಅವರ ಹೆಸರು ಹೇಳಿ ಜ್ಞಾಪಕಾರ್ಥ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ವಾಡಿಕೆ. ಮನವಿಯನ್ನು ಮುಂಚೆಯೇ ಇ-ಮೇಲ್ ಮಾಡಿದ್ದೆ. (ದಿನಾಂಕವನ್ನು ಚರ್ಚಿನ ರಿಜಿಸ್ಟರಿನೊಡನೆಯೂ ಸಮಾಧಿಯ ಕಲ್ಲಿನೊಡನೆಯೂ ತಾಳೆ ನೋಡಿದ್ದೆ. ನಾನು ಸಂಶೋಧನೆಯಿಂದ ನಿವೃತ್ತನಾಗಿದ್ದೇನೆ, ಸಂಶಯದಿಂದಲ್ಲ.)

ಮುದ್ರಿತ ಆರಾಧನಾ ಕ್ರಮವನ್ನು ಬಿಡಿಸಿ ನೋಡಿದೆ. ಅಕ್ಕ ಇದ್ದಳು. ‘ಪ್ರಕಟಣೆಗಳು’ ಎಂಬ ದಪ್ಪ ಶೀರ್ಷಿಕೆಯ ಕೆಳಗೆ, ಬಲಕ್ಕೆ ಸರಿದು, ಸಣ್ಣ ಅಕ್ಷರದಲ್ಲಿ, ಸ್ಕೂಟರ್ ಎಲ್ಲಿ ನಿಲ್ಲಿಸಬೇಕೆಂಬ ಸೂಚನೆಯ ಬೆನ್ನಿಗೆ. ಮೂವತ್ತು ವರ್ಷ ಕ್ವೈರ್ ನಡೆಸಿದವಳಿಗೆ ಈ ಜಾಗವೆ? ಸಭಾಪಾಲಕರು ಶೀರ್ಷಿಕೆಗಳನ್ನಷ್ಟೇ ಓದಿ, ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎಂದು ಮುಂದೆ ಸಾಗಿದರು.

ಇದು ಆಕಸ್ಮಿಕವೆ? ಚರ್ಚಿನ ಸ್ಮರಣ ಸಂಚಿಕೆಯಲ್ಲಿ ಅಡಿಗಲ್ಲಿನ ಇಸವಿ ತಪ್ಪಾಗಿದೆಯೆಂದು ನಾನು ತೋರಿಸಿಕೊಟ್ಟ ಮೇಲೆ ಕಾರ್ಯದರ್ಶಿಗಳು ನನಗೆ ಕೈಮುಗಿಯುವ ರೀತಿಯೇ ಬದಲಾಗಿದೆ. ಆರಾಧನೆಯ ಕ್ರಮವನ್ನು ಸಿದ್ಧಪಡಿಸುವ ಸಾಫ್ಟ್‌ವೇರ್ ಬಂದದ್ದೂ ಅದೇ ತಿಂಗಳು. ನೀವಾದರೂ ಏನೆಂದು ತಿಳಿಯುತ್ತಿದ್ದಿರಿ?

ಮನೆಯಲ್ಲಿದ್ದ ಹಳೆಯ ಆರಾಧನಾ ಕ್ರಮದ ಹಾಳೆಗಳನ್ನೆಲ್ಲ ಹರಡಿಕೊಂಡು ಕುಳಿತೆ. ಇನ್ನೊಂದು ಹೆಸರೂ ಹಾಗೆಯೇ ಒಳಕ್ಕೆ ಸರಿದಿತ್ತು. ನಮ್ಮ ಚರ್ಚಿನ ಗಂಟೆ ಹೊಡೆಯುತ್ತಿದ್ದ ದಿವಂಗತ ಪೌಲಪ್ಪನವರದು. ಪುರಾವೆ ದೊರೆಯಿತು!

ಚರ್ಚಿನ ಆಫೀಸಿಗೆ ಹೋದೆ. ಸಾಫ್ಟ್‌ವೇರ್ ನೋಡಿಕೊಳ್ಳುವ ಗ್ರೇಸಮ್ಮ ಅಕ್ಕನ ಕ್ವೈರಿನಲ್ಲೇ ಹಾಡಿ ಬೆಳೆದವರು. ನನ್ನ ಆರೋಪವನ್ನು ಪೂರ್ತಿ ಕೇಳಿಸಿಕೊಂಡು, ನಾನು ಕಳುಹಿಸಿದ್ದ ಇ-ಮೇಲನ್ನು ತೆರೆದರು.

“ಅಣ್ಣಾ, ಸಾಲಿನ ಮುಂದೆ ಇಷ್ಟು ಜಾಗ ಬಿಟ್ಟಿದ್ ಯಾರು?”

ಪ್ಯಾರಾದ ಮೊದಲ ಸಾಲನ್ನು ಒಳಗಿನಿಂದ ಆರಂಭಿಸುವುದು ಬರವಣಿಗೆಯ ಶಿಸ್ತು ಎಂದೆ.

“ನಿಮ್ಗೆ ಶಿಸ್ತು. ಈ ಸಾಫ್ಟ್‌ವೇರ್‌ಗೆ, ಒಳಗೆ ಸರಿದಿರೋ ಸಾಲು ಅಂದ್ರೆ ಮೇಲಿನ ಹೆಡಿಂಗ್‌ಗೆ ಸೇರಿದ್ದು. ನಾನೂ ನೋಡ್ದೆ ಹಾಗೇ ಪೇಸ್ಟ್ ಮಾಡ್ಬಿಟ್ಟೆ, ತಪ್ಪು ನಂದೂ ಇದೆ. ಬರೋ ಭಾನುವಾರ ಅಕ್ಕನ ಹೆಸ್ರು ಓದಿಸ್ತೀನಿ.”

ವಿವರಣೆ ಅತಿಯಾಗಿ ಅಚ್ಚುಕಟ್ಟಾಗಿತ್ತು. (ಅಚ್ಚುಕಟ್ಟಾದ ವಿವರಣೆಗಳನ್ನು ನಾನು ನಂಬುವುದಿಲ್ಲ.) ಅಕ್ಕನ ಹೆಸರಿಗೇನೋ ಈ ಕಾರಣ ಸರಿ, ಪೌಲಪ್ಪನವರದಕ್ಕೆ? ಅವರ ಹೆಂಡತಿ ಮರಿಯಮ್ಮನವರನ್ನೇ ಹುಡುಕಿಕೊಂಡು ಹೋದೆ. ಗಂಡನ ಹೆಸರು ಕೇಳಲೆಂದು ಆ ಭಾನುವಾರ ಮೊದಲ ಬೆಂಚಿನಲ್ಲಿ ಕುಳಿತಿದ್ದರಂತೆ. ಹೆಸರು ಬಾರದಿದ್ದಾಗ ಯಾರನ್ನೂ ಏಕೆ ವಿಚಾರಿಸಲಿಲ್ಲ ಎಂದು ಕೇಳಿದೆ.

“ಆರಾಧನೆ ನಡೆಸೋ ಅಯ್ಯನೋರು ಮರ್ತಿರ್ಬೇಕು ಅಂದ್ಕೊಂಡೆ ಸರ್. ಗಂಟೆ ಹೊಡೆಯೋರ ಹೆಸ್ರು ಯಾರು ನೆನಪಿಟ್ಕೋತಾರೆ? ನೀವೊಬ್ರು ಬಂದು ಕೇಳಿದ್ರಲ್ಲ, ಸಾಕು.”

ನನಗೆ ಆಗ ನೆನಪಾಯಿತು. ಆಕೆಗೆ ಟೈಪು ಬಾರದೆಂದು ಅಂದು ಪೌಲಪ್ಪನವರ ಮನವಿಯನ್ನು, ಸಾಲಿನ ಮುಂದೆ ಜಾಗ ಬಿಟ್ಟು, ಬಹಳ ಶಿಸ್ತಾಗಿ ಟೈಪು ಮಾಡಿ ಕಳುಹಿಸಿಕೊಟ್ಟವನು ನಾನು.