ಮತ್ತೆ ಕೇಳಿದ ದೊಡ್ಡಮ್ಮ

ರೂತು, ಡ್ಯಾನಿ, ನಿಮ್ಮ ಅಜ್ಜಿ ನಾನು ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನನ್ನ ಓದು ಊರಿನ ಶಾಲೆಯದು, ಅದೂ ಅರ್ಧಕ್ಕೆ ನಿಂತದ್ದು. ತಪ್ಪಿದ್ದರೆ ನಗಬೇಡಿ.

ಮೊನ್ನೆ ನಿಮ್ಮ ಅಪ್ಪ ಶಿಫ್ಟ್ ಮುಗಿಸಿ ಬರುವಾಗ ಒಂದು ಕಟ್ಟು ಕೊತ್ತಂಬರಿ ತಂದ. ಬೇರಿನ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ನೀರಿಗೆ ಹಾಕಿದೊಡನೆ ಆ ವಾಸನೆ ಎದ್ದಿತು ನೋಡಿ... ನನ್ನ ಕೈ ಹಾಗೆಯೇ ನಿಂತುಬಿಟ್ಟಿತು. ಡೆಂಕಣಿಕೋಟೆ ಕಡೆಯ ನಮ್ಮ ಹಳೆಯ ಮನೆಯ ಜಗಲಿ ಕಣ್ಣಿಗೆ ಬಂತು. ಅಲ್ಲಿ ಕಾಲು ಚಾಚಿ ಕೂತು ಕೊತ್ತಂಬರಿ ಕಟ್ಟುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮ ನೆನಪಿಗೆ ಬಂದರು.

ಅವರು ನಮಗೆ ನೆಂಟರಲ್ಲ. ಊರಿನಲ್ಲಿ ಯೇಸುವನ್ನು ನಂಬಿದ ಮನೆಗಳು ಕೆಲವೇ ಇದ್ದವು, ಅವರದೊಂದು, ನಮ್ಮದೊಂದು. ಮಧ್ಯಾಹ್ನ ತೋಟದ ಸೊಪ್ಪು ಕಿತ್ತು, ಕಟ್ಟು ಮಾಡಿ, ಹೊಸೂರು ಮಾರ್ಕೆಟ್ಟಿಗೆ ಹೋಗುವ ಗಾಡಿಗೆ ಹಾಕುತ್ತಿದ್ದರು. ನಾನೂ ಜೊತೆಗೆ ಕೂರುತ್ತಿದ್ದೆ. ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ಅರ್ಧ ನನ್ನೊಡನೆ, ಅರ್ಧ ದೇವರೊಡನೆ. ಯಾವ ಮಾತು ಯಾರಿಗೆ ಎಂದು ಕೆಲವು ಸಲ ನನಗೇ ತಿಳಿಯುತ್ತಿರಲಿಲ್ಲ.

ನನ್ನ ಮಗಳಿಗೆ, ಅಂದರೆ ನಿಮ್ಮ ಅತ್ತೆಗೆ, ಫಿಟ್ಸ್ ಶುರುವಾದದ್ದು ಅವಳು ಶಾಲೆಗೆ ಸೇರಿದ ವರ್ಷ. ಈಗ ನೀವು ಹೆದರಿ ಬಾಗಿಲ ಹಿಂದೆ ನಿಲ್ಲುತ್ತೀರಲ್ಲ, ಆಗ ನಾನೂ ಹಾಗೆಯೇ ಹೆದರುತ್ತಿದ್ದೆ. ದೊಡ್ಡಮ್ಮ ಸೊಪ್ಪು ಬಿಟ್ಟು ಎದ್ದು ಬಂದು, ಮಗುವನ್ನು ಪಕ್ಕಕ್ಕೆ ಹೊರಳಿಸಿ, ನಡುಕ ನಿಲ್ಲುವವರೆಗೂ ಅಲ್ಲೇ ಕೂತು, ಮೇಲೆ ನೋಡಿ ಬೈಯುತ್ತಿದ್ದರು.

"ನೋಡಪ್ಪಾ, ಕಣ್ಬುಟ್ಟು ನೋಡು. ಸಾನಮಾವು ಕಾಡಿನ ಆನೆನಾದ್ರೂ ತಮಟೆ ಬಡುದ್ರೆ ತಿರುಗಿ ನೋಡ್ತದೆ. ನೀನು ನೋಡಾಕಿಲ್ವಲ್ಲ!"

ದೇವರಿಗೆ ಹೀಗೆಲ್ಲ ಅನ್ನಬಹುದೇ ಎಂದು ನಾನು ಹೆದರಿದರೆ, "ಅವನ್ನಲ್ದೆ ಇನ್ಯಾರ್ನ ಬೈಲಿ? ನಿನ್ನ ಬೈದ್ರೆ ಅಳ್ತೀಯ" ಎನ್ನುತ್ತಿದ್ದರು.

ಶುಕ್ರವಾರ ನಮ್ಮ ಸಣ್ಣ ಸಭೆಯಲ್ಲಿ ಉಪವಾಸ ಪ್ರಾರ್ಥನೆ. ಒಬ್ಬೊಬ್ಬರೂ ಎದ್ದು ತಮ್ಮ ಬೇಡಿಕೆ ಹೇಳಬೇಕು, ಎಲ್ಲರೂ ಸೇರಿ ಅದಕ್ಕಾಗಿ ಪ್ರಾರ್ಥಿಸಬೇಕು. ಬೇಡಿಕೆ ನೆರವೇರಿದವರು ಎದ್ದು ಸಾಕ್ಷಿ ಹೇಳಬೇಕು. ಸಾಕ್ಷಿಯಾದ ಮೇಲೆ ಆ ವಿಷಯ ಮುಗಿಯಿತು. ಆಮೇಲೆ ಸ್ತೋತ್ರ ಮಾತ್ರ. ಎದ್ದು ನಿಂತರೆ ನನಗೆ ನಾಲಿಗೆ ಒಣಗುತ್ತಿತ್ತು. ಮಗಳು ವಾಸಿಯಾಗಲಿ ಎಂಬ ನನ್ನ ಬೇಡಿಕೆಯನ್ನೂ ದೊಡ್ಡಮ್ಮನೇ ಹೇಳುತ್ತಿದ್ದರು. ಬೇರೆಯವರಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಬೋರ್‌ನಲ್ಲಿ ನೀರು ಬಂತು. ಅವರೆಲ್ಲ ಸಾಕ್ಷಿ ಹೇಳಿ ಲಡ್ಡು ಹಂಚಿದರು. ನನ್ನ ಪಾಲಿನದನ್ನು ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಿಮ್ಮ ಅತ್ತೆಗೇ ಕೊಡುತ್ತಿದ್ದೆ.

ಒಂದು ಸಲ ಕೃಷ್ಣಗಿರಿಯಿಂದ ಒಬ್ಬ ಬೋಧಕರು ಬಂದರು. ಅವಳ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ, ವಾಸಿಯಾಯಿತು ಎಂದು ಸಾರಿದರು. ಆಮೇಲೆ ನನ್ನ ಕಡೆ ತಿರುಗಿ, "ಸಾಟ್ಚಿ ಸೊಲ್ಲುಂಗಮ್ಮಾ" ಎಂದರು. ಸಾಕ್ಷಿ ಹೇಳಬೇಕಂತೆ. ನಾನು ತಲೆ ತಗ್ಗಿಸಿದೆ. ಅದನ್ನೇ ಹೌದು ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಗೆ ನನ್ನ ಬೇಡಿಕೆ ಮುಗಿದುಹೋಯಿತು.

ಆ ವಾರವೇ ಅವಳು ಬಚ್ಚಲಿನಲ್ಲಿ ಬಿದ್ದು ಹಣೆ ಒಡೆದುಕೊಂಡಳು.

ಯಾರಿಗೆ ಹೇಳುವುದು? ಮತ್ತೆ ಬೇಡಿದರೆ ದೇವರು ಕೊಟ್ಟದ್ದನ್ನು ನಂಬಲಿಲ್ಲ ಎಂದಾಗುತ್ತದೆ. ಅವಳಿಗೆ ಆಸ್ಪತ್ರೆಯ ಮಾತ್ರೆ ಕೊಡುವುದೂ ಅಪನಂಬಿಕೆಯೇ ಎಂದು ಒಬ್ಬಾಕೆ ಬಂದು ಹೇಳಿಹೋದಳು. ಅದನ್ನು ಕೇಳಿ ದೊಡ್ಡಮ್ಮ ಸಿಡಿದೆದ್ದರು. "ಮಾತ್ರೆ ನಿಲ್ಸಿದ್ಯೋ, ನಿನ್ನ ಹೊಸ್ಲು ತುಳಿಯಾಕಿಲ್ಲ. ದ್ಯಾವ್ರಿಗೆ ಮಾತ್ರೆ ಕಂಡ್ರೆ ಹೊಟ್ಟೆಕಿಚ್ಚೇನೇ?"

ಮುಂದಿನ ಶುಕ್ರವಾರ ಬೇಡಿಕೆಯ ಹೊತ್ತಿಗೆ ಅವರೇ ಎದ್ದು ನಿಂತರು. ಸೊಪ್ಪು ಕಟ್ಟುವ ಬಾಳೆನಾರು ಇನ್ನೂ ಬೆರಳಿಗೆ ಸುತ್ತಿಕೊಂಡಿತ್ತು.

"ಮಗೂಗೆ ವಾಸಿಯಾಗಿಲ್ಲ. ಹಣೆ ನೋಡ್ರಿ. ಮತ್ತೆ ಕೇಳ್ಬೇಕು."

ಸಭೆ ನಡೆಸುತ್ತಿದ್ದ ನಮ್ಮ ಉಪದೇಶಿಯವರು ಮೆಲ್ಲಗೆ, "ಸಾಕ್ಷಿ ಆಗೋಯ್ತಲ್ಲಮ್ಮಾ. ನಂಬಿಕೆ ಬ್ಯಾಡ್ವಾ?" ಎಂದರು.

"ನಂಬ್ಕೆ ಇರೋದ್ಕೇ ಕಣಪ್ಪಾ ಕೇಳಾದು. ಇಲ್ದಿದ್ರೆ ಮನ್ಯಾಗೆ ಕೊತ್ಮಿರಿ ಕಟ್ಕೊಂಡು ಇರ್ತಿದ್ದೆ."

ಯಾರೋ ಕಿಸಕ್ಕೆಂದರು. ಉಪದೇಶಿಯವರು ತಲೆ ಕೆರೆದುಕೊಂಡು ಮಂಡಿಯೂರಿದರು. ನಾವೂ ಊರಿದೆವು.

ಅಂದಿನಿಂದ ಪ್ರತಿ ಶುಕ್ರವಾರ ಅವರು ಅದೇ ಮಾತಿಗೆ ಎದ್ದರು. ಜನರಿಗೆ ಬೇಸರ ಬಂತು. ಅವರು ಎದ್ದೊಡನೆ ಕೆಲವರು ಗೋಡೆ ನೋಡುತ್ತಿದ್ದರು. ನಿಮ್ಮ ತಾತನೂ, "ಸಾಕ್ಮಾಡು ಅನ್ನೇ ಆಯಮ್ಮಂಗೆ, ಮಾನ ಹೋಯ್ತದೆ" ಎಂದು ನನ್ನ ಮೇಲೆ ರೇಗಿದರು.

ಮಕ್ಕಳೇ, ಕಡೆಗೆ ವಾಸಿಯಾಯಿತು ಎಂದು ಬರೆಯುತ್ತೇನೆ ಅಂದುಕೊಳ್ಳಬೇಡಿ. ಆಗಲಿಲ್ಲ, ನಿಮಗೇ ಗೊತ್ತು. ಮಾತ್ರೆಯಿಂದ ಕಡಿಮೆಯಾಯಿತು, ಅಷ್ಟೇ. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ವಿಷಯ ತಿಳಿದು ಎದ್ದುಹೋದರು. ನನಗೆ ದೇವರ ಮೇಲೆ ಕೋಪವಿದೆ. ಇದೊಂದು ವಾಕ್ಯ ಬರೆಯಲು ನನಗೆ ಈ ವಯಸ್ಸು ಬೇಕಾಯಿತು. ಯಾರ್ಯಾರ ಬೋರಿಗೋ ನೀರು ಕೊಟ್ಟವನು ಈ ಒಂದು ಮಗುವಿನ ವಿಷಯದಲ್ಲಿ ಮಾತ್ರ ಯಾಕೆ ಕಿವುಡನಾದ? ಕೇಳಬಾರದು ಎನ್ನುತ್ತಾರೆ. ಕೇಳುತ್ತಿದ್ದೇನೆ.

ಒಂದು ಚಳಿಗಾಲ ದೊಡ್ಡಮ್ಮ ಎದೆ ಕಟ್ಟಿ ಮಲಗಿದರು. ನೋಡಲು ಹೋದಾಗ ಮೊದಲು ಕೇಳಿದ್ದೇ, "ಹುಡ್ಗಿ ಬಿದ್ಲಾ?" ಎಂದು.

ನಿನ್ನೆ ಬಿದ್ದಳು ಎಂದೆ.

"ನಂಗೂ ಸಾಕಾಗೈತೆ ಕಣೇ ಅವನ್ತಾವ ಕೇಳಿ ಕೇಳಿ..." ಎಂದರು. ಅಷ್ಟು ವರ್ಷಗಳಲ್ಲಿ ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಆಮೇಲೆ ನನ್ನ ಮುಂಗೈ ಹಿಡಿದು, "ಇನ್ಮ್ಯಾಕೆ ನೀನೇ ಕೇಳು. ತಲೆ ತಗ್ಗಿಸ್ಬ್ಯಾಡ. ಬಾಯ್ಬುಟ್ಟು ಕೇಳು" ಎಂದರು. ಆ ವಾರ ದಾಟಲಿಲ್ಲ...

ಕಳೆದ ಶುಕ್ರವಾರ ಇಲ್ಲಿನ ಸಭೆಯಲ್ಲಿ ನಾನು ಎದ್ದೆ. ನಿಮ್ಮ ಅತ್ತೆಯ ಹೆಸರು ಹೇಳಿದೆ. ಅಷ್ಟರಲ್ಲಿ ಹೊಸ ಪಾಸ್ಟರು, ಒಳ್ಳೆಯ ಮಾತಿನಲ್ಲೇ, "ಅದನ್ನ ದೇವರ ಚಿತ್ತಕ್ಕೆ ಬಿಟ್ಬಿಡಿ ಅಮ್ಮ" ಎಂದು ಮುಂದಿನವರ ಕಡೆ ತಿರುಗಿದರು. ನಾನು ಕೂತುಬಿಟ್ಟೆ. ಪಕ್ಕದಲ್ಲಿ ಎದ್ದು ನಿಲ್ಲುವವರು ಈಗ ಯಾರೂ ಇಲ್ಲ. ಮನೆಗೆ ಬಂದು, ಮಂಚ ಹಿಡಿದು ಮಂಡಿಯೂರಿ, ಗಟ್ಟಿಯಾಗಿ ಕೇಳಿದೆ. ಒಳಗಿನಿಂದ ನಿಮ್ಮ ಅತ್ತೆ, "ಯಾರ್ಮೇಲಮ್ಮಾ ಕೂಗಾಡ್ತಿದ್ದೀಯ?" ಎಂದಳು.

ದೇವರಿಂದ ಉತ್ತರ ಬಂದಿಲ್ಲ. ನಾಳೆ ಮತ್ತೆ ಶುಕ್ರವಾರ, ಸಭೆಯಲ್ಲಿ ಏಳುತ್ತೇನೆ. ನಾನಿಲ್ಲದಾಗ, ಅದು ಹಳೆಯ ವಿಷಯ, ಎಂದೋ ಮುಗಿಯಿತು ಎಂದು ಯಾರಾದರೂ ನಿಮಗೆ ಹೇಳಬಹುದು. ಅದಕ್ಕೇ ಈ ಹಾಳೆಗಳನ್ನು ಎಸೆಯದೆ ಜೋಪಾನವಾಗಿಡಿ. ಮುಗಿದಿಲ್ಲ.